ಹಲ್ಲಿಗೆ ಯಾವ ಊರು?

ಊರು ಬಿಟ್ಟು ಬಂದವರಿಗೆ ಜೀವನವಿಡೀ ಬೆನ್ನು ಬಿಡದ ಪ್ರಶ್ನೆ ಒಂದಿದೆ. ಮುಂಬಯಿಯಲ್ಲಿ ಅದು ‘ಗಾವ್ ಕುಠಲಂ?’ ಎಂದು ಬರುತ್ತದೆ, ಚೆನ್ನೈಯಲ್ಲಿ ‘ಸೊಂದ ಊರು ಎದು?’ ಎಂದು, ಹೈದರಾಬಾದಿನಲ್ಲಿ ‘ಮೀದಿ ಏ ಊರು?’ ಎಂದು, ದೆಹಲಿಯಲ್ಲಿ ‘ಆಪ್ ಕಹಾಂ ಸೆ ಹೈಂ?’ ಎಂದು. ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಎದುರು ಕೂತವರು ಮಾತಿಗೊಂದು ದಾರಿ ಹುಡುಕುತ್ತಾರೆ, ಅಷ್ಟೆ. ಆದರೆ ಅದೇ ಪ್ರಶ್ನೆ ಎಲ್ಲ ಕಾಲದಲ್ಲೂ ಅದೇ ದನಿಯಲ್ಲಿ ಬರುವುದಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ‘ಭೂಮಿಪುತ್ರ’ ಎಂಬ ಮಾತಿಗೆ ಬಿಸಿಯೇರಿ, ದಕ್ಷಿಣದವರ ಹೊಟೇಲುಗಳಿಗೆ ಕಲ್ಲು ಬಿದ್ದ ಕತೆಯನ್ನು ನಮ್ಮ ಹಿರಿಯರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಹಾಗಾಗಿ ಯಾರಾದರೂ ‘ಇದು ಇಲ್ಲಿಯದ್ದಲ್ಲ’ ಎಂದು ಬೆರಳು ತೋರಿಸಿದರೆ, ಆ ಬೆರಳು ಯಾವ ಕಡೆಗಿದ್ದರೂ ನಮ್ಮ ಕಿವಿ ನೆಟ್ಟಗಾಗುತ್ತದೆ.

ಈಗ ಕೆಲವು ವರ್ಷಗಳಿಂದ ಇದೇ ಪ್ರಶ್ನೆಯನ್ನು ಗೋಡೆಯ ಮೇಲಿನ ಹಲ್ಲಿಗೂ ಕೇಳುತ್ತಿದ್ದಾರೆ. ತಮಾಷೆಗಲ್ಲ, ಗಂಭೀರವಾಗಿಯೇ. ಕೇಳುವವರು ಪ್ರಾಣಿಶಾಸ್ತ್ರದವರು. ಉತ್ತರ ಹುಡುಕಿಕೊಡುವವರು ಮಾತ್ರ ನಿಮ್ಮಂಥ, ನನ್ನಂಥ ಸಾಮಾನ್ಯ ಜನ. ಮೊಬೈಲಿನಲ್ಲಿ ಹಲ್ಲಿಯ ಫೋಟೊ ತೆಗೆದು, ಎಲ್ಲಿ ಕಂಡಿತು, ಯಾವತ್ತು ಕಂಡಿತು ಎಂದು ಸೇರಿಸಿ ಕಳಿಸಿದರೆ ಸಾಕು. ಬಲ್ಲವರು ಅದರ ಜಾತಿ ಗುರುತಿಸುತ್ತಾರೆ. ಹೀಗೆ ಬಂದ ಸಾವಿರಾರು ಫೋಟೊಗಳು ಭೂಪಟದ ಮೇಲೆ ಚುಕ್ಕಿಗಳಾಗಿ ಕೂತಾಗ ಯಾವ ಹಲ್ಲಿ ಎಲ್ಲಿಂದ ಎಲ್ಲಿಗೆ ಹರಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ‘ಸಿಟಿಜನ್ ಸೈನ್ಸ್’ ಎಂದು ಇದನ್ನು ಕರೆಯುತ್ತಾರೆ. ಜನರೇ ಕೈಗೂಡಿಸಿ ಮಾಡುವ ವಿಜ್ಞಾನ. ಅಮೆರಿಕದ ಐನ್ಯಾಚುರಲಿಸ್ಟ್, ನಮ್ಮ ದೇಶದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎರಡೂ ಶುರುವಾದದ್ದು 2008ರಲ್ಲಿ. ಲಾಸ್ ಏಂಜಲಿಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು 2013ರಲ್ಲಿ ತಮ್ಮ ಸೀಮೆಯ ಹಲ್ಲಿ, ಹಾವು, ಕಪ್ಪೆಗಳನ್ನು ಹೀಗೆ ಜನರಿಂದಲೇ ಪಟ್ಟಿ ಮಾಡಿಸಲು ಹೊರಟರು. ಕಾರಣ ಬಹಳ ಸರಳ. ಹೊರಗಿನಿಂದ ಬಂದ ಹಲ್ಲಿ ಬೀಡುಬಿಡುವುದು ಕಾಡಿನಲ್ಲಿ ಅಲ್ಲ. ಮನೆಯ ಗೋಡೆ, ಹಿತ್ತಲು, ಮೀಟರ್ ಬಾಕ್ಸು, ಹೂವಿನ ಕುಂಡ ಇವೇ ಅದರ ಠಾವು. ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಕಂಡಕಂಡವರ ಹಿತ್ತಲಿಗೆ ನುಗ್ಗುವ ಹಾಗಿಲ್ಲವಲ್ಲ! ಮನೆಯವರೇ ನೋಡಿ ಹೇಳಬೇಕು.

ನೋಡಿ ಹೇಳುವುದು ನಮಗೇನು ಹೊಸದೇ? ಹಲ್ಲಿಯನ್ನು ನಮ್ಮಷ್ಟು ಗಮನಿಸಿದ ಜನ ಬೇರೆ ಇಲ್ಲ. ಪಂಚಾಂಗದಲ್ಲಿ ಅದು ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ತಲೆಯಿಂದ ಪಾದದವರೆಗೆ ಪಟ್ಟಿಯೇ ಇದೆ. ಮಾತಿನ ನಡುವೆ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ಬೆರಳಿನಿಂದ ನೆಲ ತಟ್ಟುತ್ತೇವೆ. ನಮ್ಮ ಹಲ್ಲಿ ತಮಿಳಿನಲ್ಲಿ ಪಲ್ಲಿ, ತೆಲುಗಿನಲ್ಲಿ ಬಲ್ಲಿ. ಕಂಚಿಯ ವರದರಾಜ ಪೆರುಮಾಳ್ ಗುಡಿಯಲ್ಲಿ ಬಂಗಾರದ ಪಲ್ಲಿಯನ್ನು ಮುಟ್ಟಲು ಜನ ಸಾಲುಗಟ್ಟುತ್ತಾರೆ. ಮರಾಠಿಯಲ್ಲಿ ಅದು ಪಾಲ್. ಮನಸ್ಸಿನಲ್ಲಿ ಅನುಮಾನ ಹುಟ್ಟಿದರೆ ‘ಶಂಕೆಯ ಪಾಲ್ ಲೊಚಗುಟ್ಟಿತು’ ಎನ್ನುತ್ತಾರೆ. ನನಗೆ ಈ ಮಾತು ಬಹಳ ಇಷ್ಟ. ಈ ಲೇಖನ ಬರೆಯುವುದಕ್ಕೂ ಅಂಥದೊಂದು ಲೊಚಗುಟ್ಟಿದ್ದೇ ಕಾರಣ.

ನಮ್ಮ ಬಿಲ್ಡಿಂಗಿನಲ್ಲಿ ಬಿ.ಎಸ್ಸಿ. ಓದುವ ಮರಾಠಿ ಹುಡುಗಿಯೊಬ್ಬಳಿದ್ದಾಳೆ. ಮಳೆಗಾಲದ ಒಂದು ರಾತ್ರಿ ಕೈಯಲ್ಲಿ ಟಾರ್ಚು, ಮೊಬೈಲು ಹಿಡಿದು ‘ಕಾಕಾ, ನಿಮ್ಮ ಅಡುಗೆಮನೆಯ ಪಾಲ್ ನೋಡಬೇಕಿತ್ತು’ ಎಂದು ಬಂದಳು. ನನ್ನ ಹೆಂಡತಿಗೆ ನಗು. ‘ಹುಡುಗಿ ನೋಡೋಕೆ ಬರೋದು ಕೇಳಿದ್ದೆ, ಹಲ್ಲಿ ನೋಡೋಕೆ ಬರೋದು ಇವತ್ತೇ ಕೇಳಿದ್ದು ಮಾರಾಯ್ತಿ’ ಅಂದಳು. ಟ್ಯೂಬ್‌ಲೈಟಿನ ಹತ್ತಿರ ಎರಡು ಹಲ್ಲಿಗಳಿದ್ದವು. ನಮಗೆ ಎರಡೂ ಒಂದೇ. ಹುಡುಗಿ ಬಿಡಿಸಿ ಹೇಳಿದಳು. ಬಾಲದ ಮೇಲೆ ಸಣ್ಣ ಮುಳ್ಳಿನ ಸಾಲು ಇರುವುದು ಒಂದು ಜಾತಿ, ಹೆಮಿಡ್ಯಾಕ್ಟಿಲಸ್ ಫ್ರೆನೇಟಸ್. ಅದಕ್ಕಿಂತ ದಪ್ಪ, ಹೊಟ್ಟೆ ಹಳದಿ ಇರುವುದು ಇನ್ನೊಂದು ಜಾತಿ, ಫ್ಲಾವಿವಿರಿಡಿಸ್. ಈ ಎರಡನೆಯದು ಉತ್ತರ ಭಾರತದ ಮನೆಗಳದ್ದು. ಅತ್ತ ಅರೇಬಿಯ, ಕೆಂಪು ಸಮುದ್ರದ ದಡದವರೆಗೂ ಇದೆ. ದೆಹಲಿಯ ಚಳಿಗಾಲದಲ್ಲಿ ಸಂದುಗಳಲ್ಲಿ ಅಡಗಿ ಕೂತು ಬೇಸಗೆಯ ಹೊತ್ತಿಗೆ ಹೊರಬರುವುದು ಇದೇ. ಮೊದಲನೆಯದು ನಮ್ಮ ಕರಾವಳಿಯ ಮನೆಗಳಲ್ಲಿ ಲೊಚಗುಟ್ಟುವ ಹಲ್ಲಿ. ಅಂತೂ ಮುಂಬಯಿಯ ಒಂದು ಟ್ಯೂಬ್‌ಲೈಟಿನ ಕೆಳಗೆ ಉತ್ತರದವರೂ ದಕ್ಷಿಣದವರೂ ಒಟ್ಟಿಗೆ ಊಟಕ್ಕೆ ಕೂತಂತಾಯಿತು.

ಅದು ಹೋಗಲಿ. ಹುಡುಗಿ ಆಮೇಲೆ ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲಿದೆ. ‘ಕಾಕಾ, ನಿಮ್ಮ ಊರಿನ ಈ ಪಾಲ್ ಆಸ್ಟ್ರೇಲಿಯದಲ್ಲಿ ಹೊರಗಿನದು. ಅಲ್ಲಿ ಇದನ್ನು ಏಷ್ಯನ್ ಹೌಸ್ ಗೆಕ್ಕೊ ಅಂತಾರೆ.’

ಹೌದು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಈ ಹಲ್ಲಿ ಹಡಗು, ಕಂಟೇನರು, ಮರದ ದಿಮ್ಮಿ, ಗಿಡದ ಕುಂಡಗಳ ಜತೆ ಹೋಗಿ ಇವತ್ತು ಉತ್ತರ ಆಸ್ಟ್ರೇಲಿಯ, ಹವಾಯಿ, ಮೆಕ್ಸಿಕೊ, ಮಾರಿಷಸ್ ಎಲ್ಲ ಕಡೆ ಇದೆ. 1980ರ ದಶಕದಲ್ಲಿ ಬ್ರಿಸ್ಬೇನ್ ನಗರದಲ್ಲಿ ಕಾಣಿಸಿಕೊಂಡಿತು. ಅದರ ಪ್ರಯಾಣದ ತಯಾರಿ ನೋಡಿದರೆ ಗಲ್ಫಿಗೆ ಹೊರಟವರೂ ನಾಚಬೇಕು. ಮೊಟ್ಟೆ ಒಂದು ಸಲಕ್ಕೆ ಎರಡೇ, ಆದರೆ ಗಟ್ಟಿ ಚಿಪ್ಪಿನವು. ಒಣ ಸಂದಿನಲ್ಲಿ ವಾರಗಟ್ಟಲೆ ಕೆಡದೆ ಕೂರುತ್ತವೆ. ಹೆಣ್ಣು ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಟ್ಟುಕೊಳ್ಳಬಲ್ಲದು. ಒಂದೇ ಒಂದು ಹೆಣ್ಣು ಹಲ್ಲಿ ಬಂದರಿನಲ್ಲಿ ಇಳಿದರೆ ಒಂದು ಸಂಸಾರ ಇಳಿದಂತೆಯೇ.

ಇಷ್ಟೇ ಆಗಿದ್ದರೆ ‘ಪಾಪ, ಎಲ್ಲಿಯೋ ಹೋಗಿ ಬದುಕಿಕೊಂಡಿತು’ ಅನ್ನಬಹುದಿತ್ತು. ಆದರೆ ಅದರ ಖಾತೆಯಲ್ಲಿ ಇನ್ನೊಂದು ಪುಟವೂ ಇದೆ. ಮಾರಿಷಸ್‌ನಲ್ಲಿ ನ್ಯಾಕ್ಟಸ್ ಎಂಬ ರಾತ್ರಿ ಹಲ್ಲಿಗಳಿದ್ದವು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳು. ಇಂದು ದೊಡ್ಡ ದ್ವೀಪದಲ್ಲಿ ಅವು ಇಲ್ಲ, ಸುತ್ತಲ ಕೆಲವು ಪುಟ್ಟ ದ್ವೀಪಗಳಲ್ಲಷ್ಟೇ ಉಳಿದಿವೆ. ಇಲಿ, ಬೆಕ್ಕುಗಳ ಪಾಲೂ ಇದರಲ್ಲಿದೆ. ಆದರೆ ನಮ್ಮ ಮನೆಯ ಹಲ್ಲಿ ಅವುಗಳನ್ನು ಅಡಗುವ ಸಂದುಗಳಿಂದ ಹೊರದೂಡುತ್ತದೆ, ಮರಿ ಸಿಕ್ಕರೆ ತಿನ್ನುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಲ್ಲಿಯೊಂದೇ ಅಲ್ಲ. ನಮ್ಮ ಗದ್ದೆಗಳಲ್ಲಿ ಮೊದಲ ಮಳೆಗೆ ವಟಗುಟ್ಟುವ ದೊಡ್ಡ ಹಳದಿ ಕಪ್ಪೆ ಅಂಡಮಾನಿನಲ್ಲಿ ಹೊರಗಿನದು. ಈ ಶತಮಾನದ ಮೊದಲ ವರ್ಷಗಳಲ್ಲಿ ಮೀನುಮರಿಗಳ ಜತೆ ಬೆರೆತು ಅಲ್ಲಿಗೆ ಹೋಯಿತು. ಅದರ ಗೊದಮೊಟ್ಟೆಗಳು ಅಲ್ಲಿಯ ಕಪ್ಪೆಗಳ ಗೊದಮೊಟ್ಟೆಗಳನ್ನು ತಿನ್ನುತ್ತವೆ, ಬೆಳೆದ ಕಪ್ಪೆ ಕೋಳಿಮರಿಯನ್ನೂ ಬಿಡುವುದಿಲ್ಲ. ಅದು ಯಾವ ವರ್ಷ ಯಾವ ಹಳ್ಳಿ ತಲುಪಿತು ಎಂದು ಪತ್ತೆ ಮಾಡಲು ಸಂಶೋಧಕರು ಮನೆಮನೆಗೆ ಹೋಗಿ ಜನರನ್ನೇ ಕೇಳಿದರು. ಜನರ ನೆನಪಿನಿಂದಲೇ ಕಪ್ಪೆಯ ಪ್ರಯಾಣದ ನಕ್ಷೆ ತಯಾರಾಯಿತು.

ಹುಡುಗಿಯ ಮಾತು ಕೇಳಿದ ನನ್ನ ಹೆಂಡತಿ ಒಂದು ಪ್ರಶ್ನೆ ಹಾಕಿದಳು. ‘ಅಲ್ಲ, ಇವಳು ಫೋಟೊ ತೆಗೆದು ಕಳಿಸ್ತಾಳೆ ಸರಿ. ಅದನ್ನು ನೋಡಿ ಯಾರಾದ್ರೂ ಕೋಲು ಹಿಡ್ಕೊಂಡು ಬಂದ್ರೆ? ಆ ಪಾಪ ಯಾರ ತಲೆಗೆ?’

ಇಲ್ಲಿಯೇ ಶಂಕೆಯ ಹಲ್ಲಿ ಲೊಚಗುಟ್ಟಿದ್ದು. ನಮ್ಮ ಅಡುಗೆಮನೆಯಲ್ಲಿ ಈ ಪ್ರಶ್ನೆಗೆ ಬೆಲೆಯಿಲ್ಲ. ಇಲ್ಲಿಯ ಹಲ್ಲಿಗೆ ಯಾವ ಅಪಾಯವೂ ಇಲ್ಲ. ಆದರೆ ಬ್ರಿಸ್ಬೇನಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿ, ಅಂಡಮಾನಿನಲ್ಲಿ ಅದಕ್ಕೆ ಬೆಲೆಯಿದೆ. ಹೊರಗಿನ ಪ್ರಾಣಿ ಕಂಡಿದೆ ಎಂಬ ವರದಿ ಮುಂದೆ ಅದನ್ನು ಹಿಡಿಯುವ, ಕೊಲ್ಲುವ ತೀರ್ಮಾನಕ್ಕೆ ಕಾರಣವಾಗಬಹುದು. ಆ ಪ್ರಾಣಿ ತಾನಾಗಿ ಟಿಕೆಟ್ ಕೊಂಡು ಬಂದದ್ದಲ್ಲ. ತಂದವರು ನಾವು, ಸಾಯುವುದು ಅದು. ಹಾಗಿದ್ದರೆ ನೋಡಿಯೂ ನೋಡದಂತೆ ಇರುವುದೇ ಧರ್ಮವೆ? ಮನೆ ಬಿಟ್ಟು ಬಂದ ನಮ್ಮಂಥವರಾದರೂ ಇನ್ನೊಂದು ಜೀವಕ್ಕೆ ‘ನೀನು ಹೊರಗಿನವನು’ ಎಂಬ ಚೀಟಿ ಅಂಟಿಸುವ ಕೆಲಸಕ್ಕೆ ಕೈಹಾಕಬಹುದೆ?

ನಾನು ಇದರ ಬಗ್ಗೆ ಬಹಳ ದಿನ ಯೋಚಿಸಿದೆ. ಮೊದಲಿಗೆ ತೋಚಿದ್ದು ಇಷ್ಟು: ವಿಜ್ಞಾನದವರು ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ಒಂದು, ಹೊರಗಿನಿಂದ ಬಂದದ್ದು. ಇನ್ನೊಂದು, ಬಂದು ಹಾನಿ ಮಾಡುವುದು. ವಿಶ್ವಸಂಸ್ಥೆಯ ಬೆಂಬಲದ ಐಪಿಬಿಇಎಸ್ ಎಂಬ ಅಂತರ-ಸರಕಾರಿ ಸಂಘಟನೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಮನುಷ್ಯರಿಂದಾಗಿ ಹೊಸ ನೆಲ ಸೇರಿದ ಜೀವಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರ ಎಂದು ಕಂಡುಬಂದವು ಸುಮಾರು 3,500. ಅಂದರೆ ಹತ್ತರಲ್ಲಿ ಒಂದೂ ಆಗಲಿಲ್ಲ. ನಾವು ದಿನಾ ಒಗ್ಗರಣೆಗೆ ಹಾಕುವ ಮೆಣಸಿನಕಾಯಿ, ಹುಳಿಗೆ ಹಾಕುವ ಟೊಮೆಟೊ, ತೋಟದ ಗೋಡಂಬಿ ಎಲ್ಲ ಕಡಲು ದಾಟಿ ಬಂದವೇ. ‘ಎಲ್ಲಿಂದ ಬಂದೆ’ ಎಂಬುದು ಬರೀ ವಿಳಾಸ. ಅದನ್ನು ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ. ‘ಬಂದು ಏನು ಮಾಡುತ್ತಿದ್ದೀ’ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆಯೇ ಸಾಕ್ಷಿ ಬೇಕು. ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಹಚ್ಚಿದಾಗ ಅನ್ಯಾಯ ಶುರುವಾಗುತ್ತದೆ, ಹಲ್ಲಿಯ ವಿಷಯದಲ್ಲೂ ಮನುಷ್ಯರ ವಿಷಯದಲ್ಲೂ.

ಹೊರಗಿನದು ಎಂಬ ಮಾತಿಗೆ ಗಡುವು ಉಂಟೇ ಎಂಬುದೂ ಯೋಚಿಸುವಂಥದ್ದೇ. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ 15 ವರ್ಷದ ವಾಸ ತೋರಿಸಬೇಕು. ಯುರೋಪಿನ ಸಸ್ಯಶಾಸ್ತ್ರಜ್ಞರು ಸುಮಾರು 1500ನೇ ಇಸವಿಗೆ ಗೆರೆ ಎಳೆದು, ಅದಕ್ಕೂ ಮೊದಲು ಬಂದ ಗಿಡಗಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅಮೆರಿಕದ ಸಿನ್ಸಿನಾಟಿ ಎಂಬ ಊರಿನಲ್ಲಿ ಇನ್ನೂ ಸ್ವಾರಸ್ಯದ ಕತೆಯಿದೆ. 1950ರ ದಶಕದ ಆರಂಭದಲ್ಲಿ ಲಜಾರಸ್ ಎಂಬ ಮನೆತನದ ಒಬ್ಬ ಹುಡುಗ ಇಟಲಿಯ ಪ್ರವಾಸದಿಂದ ಸುಮಾರು ಹತ್ತು ಹಲ್ಲಿಗಳನ್ನು ತಂದು ಹಿತ್ತಲಲ್ಲಿ ಬಿಟ್ಟ. ಅವು ಬೆಳೆದು ಇಡೀ ಊರಿನ ಕಲ್ಲುಗೋಡೆಗಳನ್ನು ತುಂಬಿದವು. ಊರವರು ಪ್ರೀತಿಯಿಂದ ‘ಲಜಾರಸ್ ಹಲ್ಲಿ’ ಎಂದು ಹೆಸರಿಟ್ಟರು, ಆ ರಾಜ್ಯದವರೂ ಅವನ್ನು ಅಲ್ಲಿಯ ಖಾಯಂ ನಿವಾಸಿಗಳೆಂದೇ ಒಪ್ಪಿಕೊಂಡಿದ್ದಾರೆ. ಹವಾಯಿಯಲ್ಲಂತೂ ನೆಲದ ಮೂಲ ಹಲ್ಲಿ ಎಂಬುದೇ ಇಲ್ಲ. ನಮ್ಮ ಹಲ್ಲಿ ಅಲ್ಲಿ ಓಡಿಸುತ್ತಿರುವ ಪುಟ್ಟ ಹಲ್ಲಿಯೂ ಹಿಂದೊಮ್ಮೆ ಪಾಲಿನೇಷ್ಯದ ಜನರ ದೋಣಿಗಳಲ್ಲಿ ಬಂದದ್ದೇ ಇರಬೇಕೆನ್ನುತ್ತಾರೆ. ಮೊದಲು ಬಂದವರು ಆಮೇಲೆ ಬಂದವರನ್ನು ಕಂಡು ಮೂಗು ಮುರಿಯುವುದು ನಮಗೆ ಹೊಸದಲ್ಲ. ಲೋಕಲ್ ಟ್ರೇನಿನ ಬಾಗಿಲಲ್ಲಿ ದಿನಾ ನೋಡುತ್ತೇವೆ.

ಹಾಗಾದರೆ ಪತ್ತೆ ಹಚ್ಚುವ ಕೆಲಸವೇ ಬೇಡವೆ? ಬೇಕು ಎಂದು ನನಗೆ ಅನ್ನಿಸಿದ್ದು ಒಂದು ಲೆಕ್ಕದಿಂದ. 1994ರಲ್ಲಿ ಲಾಸ್ ಏಂಜಲಿಸ್ ಹತ್ತಿರದ ಸ್ಯಾನ್ ಪೆಡ್ರೊದಲ್ಲಿ ಒಬ್ಬರು ಸಿಸಿಲಿಯಿಂದ ತಂದ ಏಳು ಹಲ್ಲಿಗಳನ್ನು ತಮ್ಮ ಹಿತ್ತಲಲ್ಲಿ ಬಿಟ್ಟರು. ಏಳೇ ಏಳು. ಆ ವರ್ಷವೇ ಯಾರಾದರೂ ನೋಡಿ ಹೇಳಿದ್ದರೆ ಏಳನ್ನೂ ಹಿಡಿದು ಗೂಡಿನಲ್ಲಿಟ್ಟು ಸಾಕಿಬಿಡಬಹುದಿತ್ತು, ಒಂದನ್ನೂ ಕೊಲ್ಲಬೇಕಿರಲಿಲ್ಲ. ಇಂದು ಅವು ಸಾವಿರಗಳ ಲೆಕ್ಕದಲ್ಲಿವೆ. ಹಿಡಿಯುವ ಮಾತೇ ಇಲ್ಲ. ತಡವಾಗಿ ನೋಡಿದರೆ ಉಳಿಯುವುದು ಎರಡೇ ದಾರಿ: ಸಾವಿರ ಜೀವ ತೆಗೆಯುವುದು, ಇಲ್ಲವೇ ಅವು ಇನ್ನೊಂದು ಜಾತಿಯನ್ನು ಮುಗಿಸುವುದನ್ನು ನೋಡುತ್ತ ಕೂರುವುದು. ಬೇಗ ನೋಡಿದರೆ ಹಿಂಸೆ ಕಡಿಮೆ. ಸುಮ್ಮನಿದ್ದವನ ಕೈ ಶುದ್ಧವಾಗಿ ಉಳಿಯುತ್ತದೆ ಎಂದು ಕಾಣುವುದು, ಮಾರಿಷಸ್‌ನ ಕಲ್ಲಿನ ಸಂದಿನಲ್ಲಿ ಸಾಯುವ ಹಲ್ಲಿ ನಮ್ಮ ಗೋಡೆಯ ಮೇಲೆ ಲೊಚಗುಟ್ಟುವುದಿಲ್ಲ ಎಂಬ ಕಾರಣಕ್ಕೆ ಮಾತ್ರ.

ದಯೆಗೂ ಕಣ್ಣು ಬೇಕು ಎಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆ ಇದೆ. ಕೆನ್ನೆಯ ಮೇಲೆ ಕೆಂಪು ಪಟ್ಟಿಯ ಪುಟ್ಟ ಆಮೆಗಳನ್ನು ನೀವು ನೋಡಿರಬಹುದು. ಅಮೆರಿಕದ ಮಿಸಿಸಿಪ್ಪಿ ಸೀಮೆಯವು. ವರ್ಷಗಟ್ಟಲೆ ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರಾಟವಾದವು. ಮರಿಯಿದ್ದಾಗ ಬೆಂಕಿಪೊಟ್ಟಣದಷ್ಟು, ಆಮೇಲೆ ಊಟದ ತಟ್ಟೆಯಷ್ಟು ಬೆಳೆಯುತ್ತವೆ. ಸಾಕಲಾಗದ ಜನ, ಕೊಲ್ಲುವುದು ಪಾಪ ಎಂದು, ಕೆರೆಗೋ ಗುಡಿಯ ಪುಷ್ಕರಣಿಗೋ ಬಿಟ್ಟು ಕೈಮುಗಿದು ಬಂದರು. ತ್ರಿಶೂರಿನ ಕಾಲುವೆಯಲ್ಲಿ, ಗುವಾಹಟಿಯ ಗುಡಿಯ ಕೊಳದಲ್ಲಿ ಅವು ಸಿಕ್ಕಿವೆ. ಜಗತ್ತಿನ ನೂರು ಅತಿ ಹಾನಿಕರ ಆಗಂತುಕ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಒಂದು. ಬಿಟ್ಟವರು ಕೆಟ್ಟವರೇನಲ್ಲ, ಒಂದು ಜೀವ ಉಳಿಸಿದೆವು ಎಂದೇ ನಂಬಿದ್ದಾರೆ. ಆ ಕೊಳದ ನಮ್ಮ ಆಮೆಗಳ ಪಾಡು ಅವರ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ಹೊಣೆ ಆಮೆಯದಲ್ಲ. ತಂದವರದು, ಮಾರಿದವರದು, ಬಿಟ್ಟವರದು. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯಿದೆ ಇಂಥ ಹೊರಗಿನ ಹಾನಿಕರ ಜೀವಿಗಳ ಆಮದು, ವ್ಯಾಪಾರ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಕೋಲು ಎತ್ತುವುದಿದ್ದರೆ ಮೊದಲು ಎತ್ತಬೇಕಾದ ಕಡೆ ಅದು.

ಇಷ್ಟಾದರೂ ಒಂದು ಎಚ್ಚರಿಕೆ ಹೇಳಲೇಬೇಕು. ಜನರು ಕಳಿಸಿದ ಚುಕ್ಕಿಗಳ ನಕ್ಷೆಯನ್ನು ಓದಲು ಬರಬೇಕು. ಚುಕ್ಕಿ ಬೀಳುವುದು ಹಲ್ಲಿ ಇರುವಲ್ಲಿ ಅಲ್ಲ, ಹಲ್ಲಿಯೂ ಮೊಬೈಲಿನವರೂ ಎದುರಾಬದುರಾದಲ್ಲಿ. 2016ರಲ್ಲಿ ಲಾಸ್ ಏಂಜಲಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಜೀವಿಗಳನ್ನು ಎಣಿಸುವ ಪೈಪೋಟಿಯೊಂದು ಆರಂಭವಾಯಿತು. ಸಿಟಿ ನೇಚರ್ ಚಾಲೆಂಜ್ ಎಂಬ ಹೆಸರಿನ ಇದರಲ್ಲಿ ಈಗ ಭಾರತದ ಊರುಗಳೂ ಸೇರುತ್ತವೆ. ಅಂಥ ನಾಲ್ಕು ದಿನಗಳಲ್ಲಿ ಒಮ್ಮೆಲೇ ಚುಕ್ಕಿಗಳ ಮಳೆ ಸುರಿಯುತ್ತದೆ. ಹಲ್ಲಿ ಹೆಚ್ಚಾಯಿತು ಅಂತಲ್ಲ, ನೋಡುವವರು ಹೆಚ್ಚಾದರು. ಈ ವ್ಯತ್ಯಾಸ ಮರೆತರೆ ‘ಎಲ್ಲಿ ನೋಡಿದರೂ ಇವೇ’ ಎಂಬ ದಿಗಿಲು ಹುಟ್ಟುತ್ತದೆ. ಈ ಮಾತನ್ನು ನಾನು ಬೇರೆ ಸಂದರ್ಭದಲ್ಲೂ ಕೇಳಿದ್ದೇನೆ. ಮುಂಬಯಿಯಲ್ಲಿ ನಮ್ಮ ಬಗ್ಗೆ ಕೇಳಿದ್ದೇನೆ. ರಜೆಗೆ ಊರಿಗೆ ಬಂದಾಗ ಬೆಂಗಳೂರಿನಲ್ಲಿ ಬೇರೆಯವರ ಬಗ್ಗೆ, ನಮ್ಮವರ ಬಾಯಲ್ಲೇ ಕೇಳಿದ್ದೇನೆ.

ಊರಿನಲ್ಲಿರುವ ನಿಮಗೆ ನಾನು ಹೇಳಬೇಕೆಂದಿರುವುದು ಇಲ್ಲಿದೆ. ಹಲ್ಲಿಯ ಮಾತನ್ನು ಹಲ್ಲಿಯ ಮೇಲೇ ಬಿಡಿ, ಮನುಷ್ಯರ ಮೇಲೆ ತರಬೇಡಿ. ರಾಜಕೀಯದ ಭಾಷಣಗಳಲ್ಲಿ ಹೊರಗಿನವರನ್ನು ಹುಳ, ಗೆದ್ದಲು, ಹಾವಳಿ ಎಂದು ಕರೆಯುವುದು ಬಹಳ ಸುಲಭ. ಮನುಷ್ಯ ಹಾಗಲ್ಲ. ಬಂದ ಊರಿನ ಮಾತು ಕಲಿಯುತ್ತಾನೆ, ‘ನೀನು ಮಾಡಿದ್ದು ಸರಿಯಲ್ಲ’ ಎಂದರೆ ಉತ್ತರ ಕೊಡುತ್ತಾನೆ, ತಿದ್ದಿಕೊಳ್ಳುತ್ತಾನೆ. ನನ್ನ ಮಕ್ಕಳು ಜಗಳ ಆಡುವುದು ಮರಾಠಿಯಲ್ಲಿ, ಊಟ ಕೇಳುವುದು ಕನ್ನಡದಲ್ಲಿ. ನಮ್ಮ ಊರಿನ ಮಾತಿಗೆ, ನೆಲಕ್ಕೆ, ನೀರಿಗೆ ತೊಂದರೆಯಾದರೆ ಕೇಳುವ ಹಕ್ಕು ಊರವರಿಗೆ ಖಂಡಿತ ಇದೆ. ಆ ಹಕ್ಕಿಗೆ ಹಲ್ಲಿಯ ಉಪಮೆ ಬೇಕಾಗಿಲ್ಲ. ಎದುರಿರುವವನು ಮಾತು ಬರುವವನು, ಮಾತನಾಡಿದರಾಯಿತು.

ಹಲ್ಲಿಗೆ ಆ ಸೌಕರ್ಯ ಇಲ್ಲ. ಅದರ ಪರವಾಗಿ ಅದು ಏನೂ ಹೇಳಲಾರದು. ಹಾಗಾಗಿ ಅದರ ಬಗ್ಗೆ ಬರೆಯುವವರ ಮೇಲೆ ಭಾರ ಹೆಚ್ಚು. ಕಂಡದ್ದನ್ನು ಮಾತ್ರ ಬರೆಯಬೇಕು, ಹಾನಿ ಇದೆ ಎಂದು ತೋರಿಸಿದ ಮೇಲಷ್ಟೇ ಹಾನಿಕರ ಎನ್ನಬೇಕು. ಕೊಲ್ಲದೆ ಬೇರೆ ದಾರಿ ಇಲ್ಲ ಎಂದಾದ ಕಡೆ ನೋವಿಲ್ಲದಂತೆ, ದ್ವೇಷವಿಲ್ಲದಂತೆ ಆಗಬೇಕು. ಆಮೇಲೂ ಒಂದು ಋಣ ಉಳಿಯುತ್ತದೆ. ಯಾರದೋ ಹಡಗಿನ, ಯಾರದೋ ಷೋಕಿಯ ತಪ್ಪಿಗೆ ಅದು ಜೀವ ಕೊಟ್ಟಿದೆ. ನನ್ನ ಹೆಂಡತಿ ಕೇಳಿದ ‘ಆ ಪಾಪ ಯಾರ ತಲೆಗೆ’ ಎಂಬ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಫೋಟೊ ತೆಗೆದ ಹುಡುಗಿಯ ತಲೆಗಂತೂ ಅಲ್ಲ. ಅವಳು ಮುಂದಿನ ಏಳು ಹಲ್ಲಿಗಳು ಏಳಾಗಿರುವಾಗಲೇ ನೋಡಲಿ ಎಂಬುದಷ್ಟೇ ನನ್ನ ಆಸೆ.